ಶೋಪ್ಯಾನನ ಮಜುರ್ಕ: ಮೂರೆಣಿಕೆಯೊ, ನಾಲ್ಕೆಣಿಕೆಯೊ?



ಪಾಶ್ಚಾತ್ಯ ಸಂಗೀತದ ಲಿಪಿಯನ್ನು ನೋಡಿದವರಿಗೆ ಅದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲವೆಂದು ತೋರುವುದು ಸಹಜ. ಯಾವ ಸ್ವರ, ಅದಕ್ಕೆ ಎಷ್ಟು ಕಾಲ, ಒಂದು ಆವರ್ತಕ್ಕೆ ಎಷ್ಟು ಎಣಿಕೆ, ಎಲ್ಲವೂ ಐದು ಗೆರೆಗಳ ಮೇಲೆ ಬರೆದಿರುತ್ತದೆ. ಆದರೂ ಕಳೆದ ಶತಮಾನಗಳ ರೊಮ್ಯಾಂಟಿಕ್ ಪಿಯಾನೊ ಕೃತಿಗಳನ್ನು ಕಲಿಯಲು ಕುಳಿತವನಿಗೆ, ಬರೆದದ್ದೇ ಬೇರೆ, ಕೇಳಿಸುವುದೇ ಬೇರೆ ಎಂಬ ಅನುಭವ ಬೇಗನೆ ಆಗುತ್ತದೆ. ಇದು ಕಲಿಯುವವನ ಭ್ರಮೆಯಲ್ಲ. ಯೂರೋಪಿನ ಇಬ್ಬರು ದೊಡ್ಡ ಸಂಗೀತಗಾರರು ಇದೇ ವಿಷಯವಾಗಿ ಎದುರೆದುರು ನಿಂತು ಜಗಳವಾಡಿದ್ದುಂಟು.

1842ರಲ್ಲಿ ರಷ್ಯಾ ದೇಶದ ಅಧಿಕಾರಿ ವಿಲ್ಹೆಲ್ಮ್ ಫಾನ್ ಲೆಂಟ್ಸ್ ಎಂಬುವನು ಪ್ಯಾರಿಸ್ಸಿನಲ್ಲಿ ಶೋಪ್ಯಾನನ ಬಳಿ ಪಾಠ ಹೇಳಿಸಿಕೊಳ್ಳುತ್ತಿದ್ದನು. ಒಂದು ದಿನ ಅವನು ಗುರುವಿನದೇ ಮಜುರ್ಕವೊಂದನ್ನು ನುಡಿಸುತ್ತಿರುವಾಗ ಮೈಯರ್‌ಬೇರನು ಒಳಗೆ ಬಂದನು. ‘ಯೂಗ್ನೊ’ ಎಂಬ ಗೀತನಾಟಕದಿಂದ ಆಗ ಪ್ಯಾರಿಸ್ಸಿನಲ್ಲೆಲ್ಲ ಹೆಸರಾಗಿದ್ದವನು ಈತ. ಕೇಳಿದೊಡನೆಯೇ, ಇದು ಎರಡೆಣಿಕೆಯದು ಎಂದನು. ಶೋಪ್ಯಾನನು ಅಲ್ಲ, ಮೂರೆಣಿಕೆಯದು ಎಂದು ಹೇಳಿ ಶಿಷ್ಯನಿಂದ ಮತ್ತೆ ನುಡಿಸಿ, ಪೆನ್ಸಿಲಿನಿಂದ ಪಿಯಾನೊವಿನ ಮೇಲೆ ತಾಳ ತಟ್ಟಿದನು. ಮೈಯರ್‌ಬೇರ್ ಒಪ್ಪಲಿಲ್ಲ. ಇದನ್ನು ತನ್ನ ನಾಟಕದ ನೃತ್ಯಕ್ಕೆ ಕೊಟ್ಟರೆ ಆಗ ತೋರಿಸಿಕೊಡುವುದಾಗಿಯೂ ನುಡಿದನು. ಎಂದೂ ದನಿಯೆತ್ತದ ಶೋಪ್ಯಾನನು ಅಂದು ಕೂಗಿದನು. ತಾನೇ ಕುಳಿತು, ಎಣಿಸುತ್ತ, ಕಾಲಿನಿಂದ ತಾಳಹಾಕುತ್ತ ಅದನ್ನು ಮತ್ತೆ ಮತ್ತೆ ನುಡಿಸಿದನು. ಇಬ್ಬರೂ ಮನಸ್ಸು ಕೆಡಿಸಿಕೊಂಡೇ ಬೇರೆಯಾದರು. ಲೆಂಟ್ಸನು 1872ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈ ಪ್ರಸಂಗವನ್ನು ಬರೆದು, ಶೋಪ್ಯಾನನೇ ಸರಿ ಎಂದು ತೀರ್ಪು ಕೊಟ್ಟಿದ್ದಾನೆ.

ಶೋಪ್ಯಾನನಿಗೆ ಅಷ್ಟು ಕೋಪವೇಕೆ ಬಂದಿತು? ಮಜುರ್ಕವೆಂಬುದು ಪೋಲೆಂಡಿನ ಹಳ್ಳಿಗರ ಕುಣಿತದಿಂದ ಹುಟ್ಟಿದ್ದು. ಮೂರು ಎಣಿಕೆಯ ಆವರ್ತ. ಆದರೆ ಒತ್ತು ಒಮ್ಮೆ ಎರಡನೆಯದರ ಮೇಲೆ, ಒಮ್ಮೆ ಮೂರನೆಯದರ ಮೇಲೆ ಬೀಳುತ್ತದೆ. ಶೋಪ್ಯಾನನು 1810ರಲ್ಲಿ ವಾರ್ಸಾ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದನು. 1830ರ ನವೆಂಬರ್ ತಿಂಗಳ ಆರಂಭದಲ್ಲಿ ಅವನು ವಾರ್ಸಾವನ್ನು ಬಿಟ್ಟು ಹೊರಟನು. ಆ ತಿಂಗಳ ಕೊನೆಯಲ್ಲಿಯೇ ರಷ್ಯಾದ ಚಕ್ರವರ್ತಿಯ ಮೇಲೆ ಪೋಲರು ದಂಗೆಯೆದ್ದರು. ಮರುವರ್ಷ ಅದು ಅಡಗಿಸಲ್ಪಟ್ಟಿತು. 1849ರಲ್ಲಿ ಪ್ಯಾರಿಸ್ಸಿನಲ್ಲಿ ಸಾಯುವವರೆಗೂ ಅವನು ತಾಯ್ನಾಡನ್ನು ಮತ್ತೆ ಕಾಣಲಿಲ್ಲ. ಐವತ್ತಕ್ಕೂ ಮಿಗಿಲಾದ ಮಜುರ್ಕಗಳನ್ನು ಬರೆದನು. ಆ ಮೂರನೆಯ ಎಣಿಕೆಯನ್ನು ಇಲ್ಲವೆಂದವನು, ಅವನ ಪಾಲಿಗೆ ಉಳಿದಿದ್ದ ನಾಡನ್ನೇ ಇಲ್ಲವೆಂದಂತಾಗಿರಬೇಕು.

ಹಾಗಾದರೆ ಮೈಯರ್‌ಬೇರನ ಕಿವಿ ಮಂದವಾಗಿತ್ತೆ? ಹಾಗೆನ್ನಲಾಗದು. 1845ರಲ್ಲೊ 1846ರಲ್ಲೊ ಚಾರ್ಲ್ಸ್ ಹಾಲೆ ಎಂಬ ತರುಣ ಪಿಯಾನೊವಾದಕನು ಶೋಪ್ಯಾನನೊಡನೆ, ನೀವು ನುಡಿಸುವಾಗ ಮಜುರ್ಕಗಳು ನಾಲ್ಕೆಣಿಕೆಯವೆಂಬಂತೆ ಕೇಳಿಸುತ್ತವೆ ಎಂದನು. ಶೋಪ್ಯಾನನು ಬಲವಾಗಿ ನಿರಾಕರಿಸಿದನು. ಆಗ ಹಾಲೆಯು ಒಂದನ್ನು ನುಡಿಸಹೇಳಿ, ಜೊತೆಯಲ್ಲಿ ನಾಲ್ಕು ನಾಲ್ಕಾಗಿ ಗಟ್ಟಿಯಾಗಿ ಎಣಿಸಿದನು. ಎಣಿಕೆ ಸರಿಯಾಗಿ ಹೊಂದಿತು! ಶೋಪ್ಯಾನನು ನಕ್ಕು, ಅದು ಆ ಕುಣಿತದ ದೇಶೀಯ ಲಕ್ಷಣವೆಂದು ತಿಳಿಸಿದನು. ಮೊದಲನೆಯ ಎಣಿಕೆಯನ್ನು ಸುಮಾರು ಎರಡರಷ್ಟು ಎಳೆದರೆ ಮೂರು ನಾಲ್ಕಾಗುತ್ತದೆ. ಆದರೆ ಕೇಳುತ್ತಿರುವಾಗ ಕಿವಿ ಮೂರನ್ನೇ ಗ್ರಹಿಸುತ್ತಿತ್ತೆಂದು ಹಾಲೆ ಬರೆದಿದ್ದಾನೆ. ಗಡಿಯಾರದ ಲೆಕ್ಕ ಒಂದು, ಹೆಜ್ಜೆಯ ಲೆಕ್ಕ ಇನ್ನೊಂದು, ಎರಡೂ ಸುಳ್ಳಲ್ಲ.

ಇದರಿಂದ ಶೋಪ್ಯಾನನು ತಾಳದಲ್ಲಿ ಸಡಿಲವಾಗಿದ್ದನೆಂದು ಭಾವಿಸಬಾರದು. ಪಾಠ ಹೇಳುವಾಗ ಅವನ ಪಿಯಾನೊವಿನ ಮೇಲೆ ಕಾಲಮಾಪಕಯಂತ್ರ ಸದಾ ಇರುತ್ತಿತ್ತೆಂದೂ, ಬಲಗೈ ಹಾಡಿನಂತೆ ಹಿಂದುಮುಂದಾದರೂ ಎಡಗೈ ತಾಳವನ್ನು ಬಿಡಕೂಡದೆಂದು ಅವನು ವಿಧಿಸುತ್ತಿದ್ದನೆಂದೂ ಶಿಷ್ಯನಾದ ಮಿಕುಲಿ ತಿಳಿಸಿದ್ದಾನೆ. ಕಟ್ಟನ್ನು ಅರಿತವನಿಗೆ ಮಾತ್ರ ಎಳೆತದ ಅಧಿಕಾರ.

ಲಯದಲ್ಲಿರುವ ಈ ಸೂಕ್ಷ್ಮ ಸ್ವರಮೇಳದಲ್ಲಿಯೂ ಉಂಟು. ಹದಿನೇಳನೆಯ ಕೃತಿಸಂಖ್ಯೆಯ ನಾಲ್ಕನೆಯ ಮಜುರ್ಕದಲ್ಲಿ, ಆಧಾರಷಡ್ಜ ಯಾವುದೆಂದು ಮೊದಲ ಸ್ವರಗುಚ್ಛಗಳಿಂದ ತಿಳಿಯುವುದೇ ಇಲ್ಲ. ಕೃತಿ ಮುಗಿಯುವಾಗಲೂ ಅವೇ ಮರಳಿ ಬಂದು, ಷಡ್ಜದ ಮೇಲೆ ನೆಲೆನಿಲ್ಲದೆಯೇ ನಿಂತುಬಿಡುತ್ತವೆ. ಇಪ್ಪತ್ತನಾಲ್ಕನೆಯ ಕೃತಿಸಂಖ್ಯೆಯ ಎರಡನೆಯದರಲ್ಲಿ ಒಂದು ಭಾಗವು, ನಮ್ಮ ಕಲ್ಯಾಣಿಯಲ್ಲಿರುವಂತೆ, ಪ್ರತಿಮಧ್ಯಮವುಳ್ಳ ಸ್ವರಶ್ರೇಣಿಯಲ್ಲಿ ನಡೆಯುತ್ತದೆ. ಅದು ಕಲ್ಯಾಣಿಯಲ್ಲ, ಪೋಲೆಂಡಿನ ಹಳ್ಳಿಯ ವಾದ್ಯಗಾರರ ರೂಢಿ. ವೇಗವಾಗಿ ನುಡಿಸುವವನಿಗೆ ಇವು ಬೆರಳಿನ ಕೆಳಗೆ ಹಾದುಹೋಗುತ್ತವೆ. ಎಡಗೈಯನ್ನು ಮಾತ್ರ ಬೇರೆಯಾಗಿ, ನಿಧಾನವಾಗಿ ನುಡಿಸಿಕೊಂಡವನಿಗೆ ಕೇಳಿಸುತ್ತವೆ.

ಶೋಪ್ಯಾನನ ಕೈಯ ಧ್ವನಿ ನಮಗೆ ಉಳಿದಿಲ್ಲ. ಅವನು ತೀರಿಕೊಂಡ 28 ವರ್ಷಗಳ ಮೇಲೆ, 1877ರಲ್ಲಿ, ಎಡಿಸನನು ಫೋನೋಗ್ರಾಫನ್ನು ನಿರ್ಮಿಸಿದನು. ಆದುದರಿಂದ ಲೆಂಟ್ಸ್, ಹಾಲೆ ಮುಂತಾದವರ ಸಾಕ್ಷ್ಯವೇ ನಮಗೆ ಗತಿ. ರೊಮ್ಯಾಂಟಿಕ್ ಪರಂಪರೆಯ ಕೊನೆಯವರಲ್ಲಿ ಒಬ್ಬನಾದ ರಷ್ಯಾದ ನಿಕೊಲಾಯ್ ಮೆಟ್ನರನ ವಿಷಯದಲ್ಲಿ ಹೀಗಾಗಲಿಲ್ಲ. ಲಯದ ತೊಡಕುಗಳಿಗೆ ಹೆಸರಾದ ಅವನ ಕೃತಿಗಳು, 1940ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನಲ್ಲಿ, ಅವನ ಕೈಯಿಂದಲೇ ಮುದ್ರಿತವಾದುವು. ಅದರ ವೆಚ್ಚಕ್ಕೆ ಆಶ್ರಯವಿತ್ತವರು ಮೈಸೂರಿನ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು. ತಾವೂ ಪಿಯಾನೊವನ್ನು ಕ್ರಮವಾಗಿ ಅಭ್ಯಾಸಮಾಡಿದವರು. ಮೆಟ್ನರನು ತನ್ನ ಮೂರನೆಯ ಕನ್ಚರ್ಟೊವನ್ನು ಕೃತಜ್ಞತೆಯಿಂದ ಅವರಿಗೆ ಅರ್ಪಿಸಿದನು. ಲಿಪಿಯಲ್ಲಿ ಸಂದೇಹ ಬಂದಾಗ ಕರ್ತೃವನ್ನೇ ಕೇಳುವ ಅವಕಾಶವನ್ನು ಹೀಗೆ ಮೈಸೂರು ಮುಂದಿನ ಕಲಿಯುವವರಿಗೆ ಒದಗಿಸಿಕೊಟ್ಟಿತು.

ಮಜುರ್ಕವನ್ನು ಕಲಿಯುವವನಿಗೆ ಅಂತಹ ನೆರವಿಲ್ಲ. ಅವನು ಮೊದಲು ಮೂರನ್ನು ಕಟ್ಟುನಿಟ್ಟಾಗಿ ಎಣಿಸಲಿ. ಆಮೇಲೆ ಹಾಲೆಯಂತೆ ನಾಲ್ಕನ್ನೂ ಎಣಿಸಿ ನೋಡಲಿ. ಎರಡು ಲೆಕ್ಕಗಳ ನಡುವೆ ಮೂರನೆಯ ಎಣಿಕೆ ಎಲ್ಲಿ ಬೀಳುತ್ತದೆಂದು ಹುಡುಕುವುದೇ ಅವನ ಪಾಠ.