ಬಿರುಕು ಬಿಟ್ಟ ಬಾಯ್ಲರ್ ಇಟ್ಕೊಂಡು ಯುದ್ಧಕ್ಕೆ ಹೋದ ಹಡಗು
(ಹಡಗಿನ ಕಥೆಗಳು – ಭಾಗ 6)

2016ರಲ್ಲಿ ಬಜಾಜ್ ಕಂಪನಿ 'ವಿ' ಅಂತ ಒಂದು ಬೈಕ್ ಬಿಟ್ಟಿತ್ತು, ನೆನಪಿದ್ಯಾ? ನಿಮ್ಮ ಏರಿಯಾದಲ್ಲೂ ಒಂದೆರಡು ಓಡಾಡ್ತಿರಬಹುದು. ಅದಕ್ಕೆ ಬಳಸಿದ ಲೋಹದಲ್ಲಿ ಒಂದು ಪಾಲು ಯುದ್ಧನೌಕೆಯದ್ದು. ಇವತ್ತಿನ ಕಥೆ ಆ ನೌಕೆಯದ್ದೇ: ಐಎನ್‌ಎಸ್ ವಿಕ್ರಾಂತ್.

ಬ್ರಿಟನ್ ಇದನ್ನ ಎರಡನೇ ಮಹಾಯುದ್ಧಕ್ಕಾಗಿ 'ಹರ್ಕ್ಯುಲಿಸ್' ಅನ್ನೋ ಹೆಸರಲ್ಲಿ ಕಟ್ಟೋಕೆ ಶುರು ಮಾಡಿತ್ತು. 1945ರ ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯೋ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಕೆಲಸ ಅರ್ಧಕ್ಕೇ ನಿಂತಿತು. 1957ರಲ್ಲಿ ಭಾರತ ಕೊಂಡುಕೊಂಡು, ಬೆಲ್‌ಫಾಸ್ಟ್‌ನಲ್ಲಿ ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ನೌಕಾಪಡೆಗೆ ಸೇರಿಸಿಕೊಂಡಿತು. ನಮ್ಮ ಮೊದಲ ವಿಮಾನವಾಹಕ ನೌಕೆ.

ಆದರೆ 1965ರ ಯುದ್ಧ ಬಂದಾಗ ಅದು ರಿಪೇರಿಗೆ ನಿಂತಿತ್ತು. 1970ರಲ್ಲಿ ಇನ್ನೂ ದೊಡ್ಡ ಪೆಟ್ಟು: ಬಾಯ್ಲರ್‌ಗಳಲ್ಲಿ ಬಿರುಕು! ಬೆಸುಗೆ ಹಾಕಿ ಸರಿಮಾಡೋ ಹಾಗಿರಲಿಲ್ಲ. ಬದಲಿ ಭಾಗ ಬ್ರಿಟನ್‌ನಿಂದ ಬರಬೇಕು.

ಬಾಯ್ಲರ್ ಅಷ್ಟೊಂದು ಮುಖ್ಯ ಯಾಕೆ? ವಿಮಾನ ಮೇಲೇಳಬೇಕಂದ್ರೆ ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡಬೇಕು. ವಿಮಾನವನ್ನ ಮುಂದಕ್ಕೆ ಚಿಮ್ಮಿಸೋ ಯಂತ್ರಕ್ಕೂ ಅದೇ ಬಾಯ್ಲರ್‌ನ ಹಬೆ ಬೇಕು. ಪೂರ್ತಿ ಒತ್ತಡ ಕೊಟ್ರೆ ಬಾಯ್ಲರ್ ಒಡೆಯೋ ಭಯ, ಕೊಡದಿದ್ರೆ ವಿಮಾನ ಹಾರೋದು ಕಷ್ಟ. ಕೊನೆಗೆ ಒತ್ತಡ ಇಳಿಸಿ, ನಿಧಾನವಾಗಿಯೇ ಓಡಿಸೋದು ಅಂತ ತೀರ್ಮಾನ ಆಯ್ತು. ಅಂದ್ರೆ 1971ರಲ್ಲಿ ಅದರಲ್ಲಿದ್ದ ಪ್ರತಿಯೊಬ್ಬ ನಾವಿಕನೂ ಈ ಅಪಾಯದ ಮೇಲೇ ಮಲಗಿ ಎದ್ದಿದ್ದ.

ಅದನ್ನ ಮುಳುಗಿಸೋಕೆ ಪಾಕಿಸ್ತಾನ 'ಘಾಜಿ' ಜಲಾಂತರ್ಗಾಮಿಯನ್ನ ಕಳಿಸಿತು. ವಿಕ್ರಾಂತ್ ಅಂಡಮಾನ್ ಕಡೆ ಅಡಗಿತ್ತು. ವಿಶಾಖಪಟ್ಟಣದ ಬಳಿ ಹಳೇ ಹಡಗು 'ರಜಪೂತ್', ತಾನೇ ವಿಕ್ರಾಂತ್ ಅನ್ನೋ ಥರ ರೇಡಿಯೋ ಸಂದೇಶ ಬಿಡ್ತಾ ಇತ್ತು! ಘಾಜಿ ಅಲ್ಲೇ ಮುಳುಗಿತು. ಡಿಸೆಂಬರ್ 4ರಂದು ವಿಕ್ರಾಂತ್‌ನ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ಎರಗಿದವು. ಸಮುದ್ರದ ದಾರಿ ಮುಚ್ಚಿತು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ.

1997ರ ಜನವರಿ 31ಕ್ಕೆ ನಿವೃತ್ತಿ. ಆಮೇಲೆ ಮುಂಬೈನಲ್ಲಿ ತೇಲುವ ಮ್ಯೂಸಿಯಂ ಆಯ್ತು. ಸುರಕ್ಷಿತವಲ್ಲ ಅಂತ 2012ರಲ್ಲಿ ಅದೂ ಬಂದ್. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ.

ನಾವು ಬಿಕಾಂನಲ್ಲಿ ಓದೋ ಲೆಕ್ಕದ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಆಸ್ತಿಗೆ ವರ್ಷಾವರ್ಷ ಸವಕಳಿ ಕಳೀತಾ ಹೋದ್ರೆ ಕೊನೆಗೆ ಉಳಿಯೋದು ಗುಜರಿ ಬೆಲೆನೇ. ಉಪ್ಪುನೀರಲ್ಲಿ ನಿಂತ ಕಬ್ಬಿಣಕ್ಕೆ ಖರ್ಚು ಮಾತ್ರ ನಿಲ್ಲಲ್ಲ. ನನಗೆ ಬೇಜಾರಾಗೋದು ಮಾರಿದ್ದಕ್ಕಲ್ಲ. ನಿವೃತ್ತಿಯಾಗಿ 17 ವರ್ಷ ಕಳೆದ್ರೂ 'ಉಳಿಸೋಣ' ಅಂದವರು ಇದ್ರು, 'ಖರ್ಚು ನಮ್ಮದು' ಅಂದವರು ಸಿಗಲಿಲ್ಲ. ಅದಕ್ಕೆ.

ಹೆಸರು ಮತ್ತೆ ಬಂದಿದೆ: 2022ರಿಂದ, ಕೊಚ್ಚಿಯಲ್ಲೇ ಕಟ್ಟಿದ ಹೊಸ ವಿಕ್ರಾಂತ್. ಇತ್ತ ನಮ್ಮ ಕಾರವಾರದ ಕಡಲತೀರದಲ್ಲಿ 'ಚಾಪೆಲ್' ಕ್ಷಿಪಣಿ ನೌಕೆ ಮ್ಯೂಸಿಯಂ ಆಗಿ ನಿಂತಿದೆ. ಆ ಕಡೆ ಹೋದ್ರೆ ಟಿಕೆಟ್ ತಗೊಂಡು ಒಳಗೆ ಹೋಗಿ ಬನ್ನಿ. ಹೊರಗೆ ನಿಂತು ಸೆಲ್ಫಿ ತೆಗೆದ್ರೆ ಹಡಗು ಉಳಿಯಲ್ಲ.

ನೀವೇ ಹೇಳಿ, ಇಂಥ ಹಡಗು ಉಳಿಸೋ ಖರ್ಚು ಯಾರು ಕೊಡಬೇಕು? ಕಮೆಂಟ್ ಮಾಡಿ 👇

#ಹಡಗಿನಕಥೆಗಳು #ವಿಕ್ರಾಂತ್ #ಇತಿಹಾಸ #ಕನ್ನಡ