ಬಿದ್ದ ಮಲ್ಲನಿಗೂ ಗರಡಿಯಲ್ಲೊಂದು ಜಾಗ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ ಇರುವ ಅಂಜನಾದ್ರಿ ಬೆಟ್ಟವನ್ನು ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬುತ್ತಾರೆ. ಗರಡಿಮನೆ ಇದ್ದಲ್ಲೆಲ್ಲ ಹನುಮಂತನ ಮೂರ್ತಿಯೋ ಪಟವೋ ಇರುತ್ತದೆ ಎಂಬುದೂ ಎಲ್ಲರಿಗೂ ತಿಳಿದ ಸಂಗತಿ. ಆದರೆ ಈ ದೇವರ ಹೆಸರಿನಲ್ಲೇ ಒಂದು ಗಾಯದ ಕಥೆ ಇದೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ‘ಹನು’ ಎಂದರೆ ದವಡೆ. ಉದಯಿಸುವ ಸೂರ್ಯನನ್ನು ಹಣ್ಣೆಂದು ಭ್ರಮಿಸಿ ಆಕಾಶಕ್ಕೆ ಹಾರಿದ ಬಾಲಕನಿಗೆ ಇಂದ್ರನ ವಜ್ರಾಯುಧ ತಗುಲಿ ದವಡೆ ಮುರಿಯಿತೆಂದೂ, ಅದರಿಂದಲೇ ಆ ಹೆಸರು ಬಂದಿತೆಂದೂ ರಾಮಾಯಣದ ಕಥೆ ಹೇಳುತ್ತದೆ. ಮಲ್ಲರ ಆರಾಧ್ಯದೈವ ಪೆಟ್ಟನ್ನೇ ತಿನ್ನದವನಲ್ಲ. ಪೆಟ್ಟು ತಿಂದ ಮೇಲೂ ಬಲಶಾಲಿಯಾಗಿ ಉಳಿದವನು.

ಮೈಕೈ ಬಳಸುವ ಆಟವೆಂದ ಮೇಲೆ ಗಾಯ ತಪ್ಪಿದ್ದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕುಸ್ತಿ ಕಣಕ್ಕೂ ಈ ಮಾತು ಸಲ್ಲುತ್ತದೆ, ಶಾಲೆಯ ಕಬಡ್ಡಿ ಅಂಗಳಕ್ಕೂ ಸಲ್ಲುತ್ತದೆ. ಮೂಳೆ ಕೂಡುವುದು ಹೇಗೆ, ನೋವು ಇಳಿಯುವುದು ಹೇಗೆ ಎಂಬುದನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಗುಣವಾಗುವ ಆ ಆರೆಂಟು ತಿಂಗಳುಗಳಲ್ಲಿ ಆಟಗಾರ ಎಲ್ಲಿರುತ್ತಾನೆ? ಮನೆಯ ಮೂಲೆಯಲ್ಲೋ, ಆಟದ ಅಂಚಿನಲ್ಲೋ? ಈ ಪ್ರಶ್ನೆಗೆ ಇತಿಹಾಸದಲ್ಲಿ ಕೆಲವು ಉತ್ತರಗಳು ಸಿಗುತ್ತವೆ.

ಪೇಸ್ ಕಂಡ ಕಾಳಗ

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಆನೆಗೊಂದಿಯಿಂದ ತುಂಗಭದ್ರೆ ದಾಟಿದರೆ ಆ ರಾಜಧಾನಿ. ಆಗ ಕೃಷ್ಣದೇವರಾಯನ ಆಳ್ವಿಕೆ. ಅರಸ ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಪೂಸಿಕೊಂಡು, ಭಾರವಾದ ಮಣ್ಣಿನ ತೂಕಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಹರಿಯುವ ತನಕ ಕತ್ತಿವರಸೆ ಮಾಡಿ, ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿಗಿಳಿಯುತ್ತಿದ್ದನೆಂದು ಪೇಸ್ ಬರೆದಿದ್ದಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಈ ಬರಹದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೇಲೆ ಈ ವರ್ಣನೆ ನಮ್ಮ ಪಠ್ಯಪುಸ್ತಕಗಳಿಗೂ ಬಂತು.

ಅಷ್ಟಾಗಿ ಪ್ರಸಿದ್ಧವಲ್ಲದ ಮತ್ತೊಂದು ವರ್ಣನೆಯೂ ಅದೇ ಬರಹದಲ್ಲಿದೆ. ಮಹಾನವಮಿಯ ದಿನಗಳಲ್ಲಿ ಅರಸನ ಎದುರು ಮಲ್ಲಯುದ್ಧ ನಡೆಯುತ್ತಿತ್ತು. ಅದು ಬರೀ ಪಟ್ಟು ಹಾಕುವ ಕುಸ್ತಿಯಾಗಿರಲಿಲ್ಲ. ಹೊಡೆತಕ್ಕೆ ಹಲ್ಲು ಮುರಿಯುತ್ತಿತ್ತು, ಕಣ್ಣು ಹೋಗುತ್ತಿತ್ತು, ಮುಖ ವಿಕಾರವಾಗುತ್ತಿತ್ತು. ಮಾತು ನಿಂತು ಬಿದ್ದವರನ್ನು ಅಲ್ಲಲ್ಲಿ ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು. ಜೋಡಿಗಳನ್ನು ಸರಿಸಮವಾಗಿ ನಿಲ್ಲಿಸಲು, ಗೆದ್ದವನಿಗೆ ಮನ್ನಣೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಮಲ್ಲರ ಉಬ್ಬುಚಿತ್ರಗಳನ್ನು ಇಂದಿಗೂ ಕಾಣಬಹುದು.

ಗೆದ್ದವನಿಗೆ ಏನು ಸಿಕ್ಕಿತೆಂಬುದನ್ನು ಪೇಸ್ ಹೇಳುತ್ತಾನೆ. ಗೆಳೆಯರು ಹೊತ್ತೊಯ್ದವನ ಗತಿ ಏನಾಯಿತೆಂದು ಹೇಳುವುದಿಲ್ಲ. ಇದು ಪೇಸ್ ಒಬ್ಬನ ಕೊರತೆಯಲ್ಲ. ಆಟದ ಇತಿಹಾಸವೆಲ್ಲ ಬಹುಮಟ್ಟಿಗೆ ಗೆದ್ದವರ ಇತಿಹಾಸವೇ. ಶಾಸನದಲ್ಲಿ, ಶಿಲ್ಪದಲ್ಲಿ, ಇಂದಿನ ಪತ್ರಿಕೆಯ ಕ್ರೀಡಾಪುಟದಲ್ಲಿ ಉಳಿಯುವುದು ನಿಂತವನ ಚಿತ್ರ. ಬಿದ್ದವನು ಕಣದ ಗೆರೆ ದಾಟಿದೊಡನೆ ಕಥೆಯಿಂದಲೂ ಹೊರಗಾಗುತ್ತಾನೆ.

ಚಾಲುಕ್ಯ ದೊರೆಯ ಗ್ರಂಥ

ಪೇಸ್ ಬರುವುದಕ್ಕೆ ನಾಲ್ಕು ಶತಮಾನ ಹಿಂದೆ ಈ ಸೀಮೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಆ ಕಾಲದ ದೊಡ್ಡ ಸಾಕ್ಷಿ. ಆ ದಂಡನಾಯಕನ ಒಡೆಯ ಆರನೆಯ ವಿಕ್ರಮಾದಿತ್ಯ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಅಡುಗೆಯಿಂದ ಆನೆ ಪಳಗಿಸುವವರೆಗೆ ಹತ್ತಾರು ವಿಷಯಗಳಿರುವ ಆ ಗ್ರಂಥದಲ್ಲಿ ಮಲ್ಲವಿನೋದಕ್ಕೂ ಒಂದು ಅಧ್ಯಾಯವಿದೆ.

ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಬೇಕೆಂದು ಅದು ಹೇಳುತ್ತದೆ. ಅವರ ಆಹಾರದ ಹೊಣೆ ಅರಸನದು. ಅಭ್ಯಾಸದಲ್ಲಿ ಭಾರ ಎತ್ತುವುದು, ಬಿರುಸಿನ ನಡಿಗೆ, ನೀರಿನಲ್ಲಿ ಈಜು, ಕಂಬದ ಮೇಲಿನ ಸಾಧನೆ ಎಲ್ಲವೂ ಸೇರಿವೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಅಭ್ಯಾಸಗಳಿಗೆ ಎದುರಾಳಿ ಬೇಕಿಲ್ಲ. ಮಲ್ಲವಿದ್ಯೆ ಎಂದರೆ ಇಬ್ಬರು ಕೈ ಹಿಡಿಯುವ ಆ ಕೆಲವು ನಿಮಿಷಗಳಷ್ಟೇ ಅಲ್ಲ, ಅದರ ಸುತ್ತ ದಿನವಿಡೀ ಹಬ್ಬಿದ ಬದುಕು ಎಂಬ ತಿಳಿವಳಿಕೆ ಆಗಲೇ ಇತ್ತು. ಒಂದು ಬಾಗಿಲು ಮುಚ್ಚಿದರೆ ಒಳಹೋಗಲು ಇನ್ನೂ ನಾಲ್ಕು ಬಾಗಿಲುಗಳಿದ್ದವು. ನೀರಿನಲ್ಲಿ ದೇಹದ ಭಾರ ಕೀಲುಗಳ ಮೇಲೆ ಬೀಳುವುದು ಕಡಿಮೆ ಎಂಬ ಕಾರಣಕ್ಕೆ ಇಂದಿನ ಫಿಜಿಯೊಥೆರಪಿ ತಜ್ಞರೂ ಗಾಯಾಳು ಆಟಗಾರರನ್ನು ಈಜುಕೊಳಕ್ಕೆ ಇಳಿಸುತ್ತಾರೆ.

ಗರಡಿಯ ಕ್ರಮ

ಈ ತಿಳಿವಳಿಕೆಯೇ ಗರಡಿಮನೆಯ ಬೆನ್ನೆಲುಬು. ಗರಡಿಯಲ್ಲಿ ಕುಸ್ತಿ ಹಿಡಿಯುವುದು ಒಂದು ಕೆಲಸವಾದರೆ ಅದಕ್ಕೆ ಸುತ್ತಿಕೊಂಡ ಕೆಲಸಗಳು ಹತ್ತು. ಕೆಮ್ಮಣ್ಣನ್ನು ಅಗೆದು ಹದ ಮಾಡಬೇಕು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಬೇಕು. ಕಿರಿಯರು ಹಾಕುವ ದಂಡ, ಬಸ್ಕಿಗಳ ಲೆಕ್ಕ ಹಿಡಿಯಬೇಕು. ದಣಿದವರ ಮೈ ತಿಕ್ಕಬೇಕು. ಹನುಮಂತನ ಮುಂದೆ ದೀಪ ಹಚ್ಚಬೇಕು. ಜಾತ್ರೆಯ ಕುಸ್ತಿಗೆ ಜೋಡಿ ಗೊತ್ತುಮಾಡುವಾಗ ಯಾರಿಗೆ ಯಾರು ಸರಿ ಎಂದು ಹೇಳಬೇಕು. ತೋಳು ಕಟ್ಟಿಕೊಂಡವನೂ ಎಣಿಕೆ ಹಿಡಿಯಬಲ್ಲ. ಮೊಣಕಾಲು ಊದಿಸಿಕೊಂಡವನೂ ಕಿರಿಯನ ಪಟ್ಟಿನಲ್ಲಿ ತಪ್ಪೆಲ್ಲಿದೆಯೆಂದು ನೋಡಿ ಹೇಳಬಲ್ಲ.

ಗರಡಿಯ ಹಿರಿಯನಾದ ವಸ್ತಾದನ ಸ್ಥಾನವೂ ಈ ಕ್ರಮದಿಂದಲೇ ಬಂದದ್ದು. ವಯಸ್ಸಾಗಿಯೋ ಪೆಟ್ಟಾಗಿಯೋ ಕಣಕ್ಕಿಳಿಯುವುದನ್ನು ಬಿಟ್ಟ ಪೈಲ್ವಾನನ ಅನುಭವ ಅಲ್ಲಿ ಸುಮ್ಮನೆ ಹೋಗುವುದಿಲ್ಲ. ತಾನು ಹಿಡಿಯಲಾಗದ ಕುಸ್ತಿಯನ್ನು ಆತ ಶಿಷ್ಯನ ಮೈಯಲ್ಲಿ ಹಿಡಿಯುತ್ತಾನೆ.

ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ನೋವನ್ನು ಬಾಯಿಬಿಟ್ಟು ಹೇಳುವುದೇ ಹೇಡಿತನವೆಂಬ ಭಾವನೆ ಕಣದ ಸುತ್ತ ಇರುವುದುಂಟು. ಮುರಿತವನ್ನು ಉಳುಕೆಂದು ತಿಳಿದು ಎಳೆಸಿ, ತಿಕ್ಕಿಸಿ ಕೆಡಿಸಿಕೊಂಡರೆ ಮತ್ತೆ ಸರಿಪಡಿಸುವುದು ಕಷ್ಟ. ಆದ್ದರಿಂದ ಎಕ್ಸ್‌ರೇ ಮೊದಲು, ಮಾಲೀಸು ಆಮೇಲೆ. ಗರಡಿಯಿಂದ ಕಲಿಯಬೇಕಾದದ್ದು ಅದರ ವೈದ್ಯವನ್ನಲ್ಲ, ಗಾಯಗೊಂಡವನಿಗೂ ಒಂದು ಕೆಲಸ ಕೊಟ್ಟು ಉಳಿಸಿಕೊಳ್ಳುವ ಅದರ ಕ್ರಮವನ್ನು.

ಆಸ್ಪತ್ರೆಗೆ ಬಂದ ಆಟ

ಗರಡಿ ರೂಢಿಯಿಂದ ಮಾಡಿದ್ದನ್ನು ಆಧುನಿಕ ವೈದ್ಯ ಬುದ್ಧಿಪೂರ್ವಕವಾಗಿ ಮಾಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ನರರೋಗ ತಜ್ಞ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ಆರಂಭಿಸಿದರು. ಯುದ್ಧದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕರ ಬದುಕು ಮುಗಿದಂತೆಯೇ ಎಂದು ಭಾವಿಸುತ್ತಿದ್ದ ಕಾಲ ಅದು. ಗುಟ್‌ಮನ್ ಅವರ ಕೈಗೆ ಚೆಂಡು ಕೊಟ್ಟರು, ಬಿಲ್ಲು ಕೊಟ್ಟರು. ಆಟ ಅಲ್ಲಿ ಚಿಕಿತ್ಸೆಯ ಭಾಗವಾಯಿತು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಯಾಳು ಯೋಧರು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಅವರಲ್ಲಿ ಮಹಿಳೆಯರೂ ಇದ್ದರು. 1960ರಲ್ಲಿ ರೋಮ್‌ನಲ್ಲಿ ಸುಮಾರು 400 ಸ್ಪರ್ಧಿಗಳು ಸೇರುವ ಹೊತ್ತಿಗೆ ಅದು ಇಂದಿನ ಪ್ಯಾರಾಲಿಂಪಿಕ್ಸ್‌ನ ರೂಪ ತಳೆದಿತ್ತು.

ಈ ಹಾದಿಯಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ನೆರೆಯ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್. ಸೇನೆಯಲ್ಲಿ ಅವರು ಬಾಕ್ಸರ್ ಆಗಿದ್ದರು. 1965ರ ಯುದ್ಧದಲ್ಲಿ ಗುಂಡುಗಳು ತಗುಲಿದ ಮೇಲೆ ಬಾಕ್ಸಿಂಗ್ ಅವರ ಪಾಲಿಗೆ ಮುಗಿಯಿತು, ಆಟ ಮುಗಿಯಲಿಲ್ಲ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯೊಡನೆ ಗೆದ್ದರು. ಪದ್ಮಶ್ರೀ ಅವರಿಗೆ ಸಂದದ್ದು 2018ರಲ್ಲಿ. ಹೊತ್ತೊಯ್ದವನ ಕಥೆ ಇತಿಹಾಸಕ್ಕೆ ಬರಲು ಅಷ್ಟು ಕಾಲ ಬೇಕಾಯಿತು.

ಕನ್ನಡಿಗರ ಎರಡು ಉದಾಹರಣೆ

ಕ್ರಿಕೆಟ್‌ನಲ್ಲಿ ಕನ್ನಡಿಗರು ಮರೆಯದ ಹೆಸರು ಬಿ.ಎಸ್. ಚಂದ್ರಶೇಖರ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ಬಲಗೈಯನ್ನು ಎಳವೆಯಲ್ಲೇ ಪೋಲಿಯೊ ಸೊರಗಿಸಿತು. ಚೆಂಡು ಹಿಡಿದು ಎಸೆಯುವಾಗ ಎಡಗೈ. ಬೌಲಿಂಗ್ ಮಾತ್ರ ಸೊರಗಿದ ಆ ಬಲಗೈಯಿಂದಲೇ. 1967–68ರ ಆಸ್ಟ್ರೇಲಿಯ ಪ್ರವಾಸದಿಂದ ಗಾಯಗೊಂಡು ಮರಳಿದ ಅವರಿಗೆ ಆಮೇಲೆ ಸ್ಕೂಟರ್ ಅಪಘಾತವೂ ಆಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ತಂಡದಿಂದ ಹೊರಗುಳಿದರು. ಮುಗಿಯಿತೆಂದು ಹಲವರು ಭಾವಿಸಿದ್ದ ಆ ಆಟಗಾರ 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟ್ ಪಡೆದರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಆ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು.

ಅನಿಲ್ ಕುಂಬ್ಳೆ ಎಂದರೆ 2002ರ ಆಂಟಿಗಾ ಟೆಸ್ಟ್ ನೆನಪಾಗುತ್ತದೆ. ಮರ್ವಿನ್ ಡಿಲನ್ ಎಸೆತಕ್ಕೆ ದವಡೆ ಮುರಿದಿದ್ದರೂ ತಲೆಗೆ ಪಟ್ಟಿ ಸುತ್ತಿಕೊಂಡು ಸತತ 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಆ ಎದೆಗಾರಿಕೆಗೆ ತಲೆಬಾಗಲೇಬೇಕು. ಆದರೆ ಊರಿನ ಹುಡುಗರಿಗೆ ಮಾದರಿಯಾಗಿ ತೋರಿಸಬೇಕಾದದ್ದು ಅದಕ್ಕಿಂತ ಹಿಂದಿನ ವರ್ಷದ ಕುಂಬ್ಳೆಯನ್ನು. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯ ವಿರುದ್ಧದ ಐತಿಹಾಸಿಕ ಸರಣಿಯನ್ನು ಅವರು ಆಡಲಾಗಲಿಲ್ಲ. ಅವರಿಲ್ಲದ ತಂಡದಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಪಡೆದು ಮನೆಮಾತಾದರು. ತನ್ನ ಜಾಗವನ್ನು ಇನ್ನೊಬ್ಬ ತುಂಬುವುದನ್ನು ನೋಡುತ್ತ ತಾಳ್ಮೆಯಿಂದ ಭುಜ ಬಲಪಡಿಸಿಕೊಳ್ಳುವುದು ಮುರಿದ ದವಡೆಯಲ್ಲಿ ಬೌಲ್ ಮಾಡುವುದಕ್ಕಿಂತ ಸುಲಭವಲ್ಲ. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರವೇ.

ಮೊಣಕಾಲು ಮತ್ತು ಭಯ

ದೊಡ್ಡ ಆಟಗಾರರ ಹಿಂದೆ ವೈದ್ಯರು, ತರಬೇತುದಾರರು, ಅಭಿಮಾನಿಗಳು ಇರುತ್ತಾರೆ. ತಾಲ್ಲೂಕು ಮಟ್ಟದ ಕಬಡ್ಡಿ ಆಟಗಾರನಿಗೆ ಅಷ್ಟೆಲ್ಲ ಇಲ್ಲ. ಕಬಡ್ಡಿ, ಕುಸ್ತಿ, ಫುಟ್‌ಬಾಲ್‌ಗಳಲ್ಲಿ ಕಾಲು ಊರಿ ಮೈ ತಿರುಚಿದಾಗ ಮೊಣಕಾಲಿನ ಒಳಗಿನ ಎ.ಸಿ.ಎಲ್. ಎಂಬ ಲಿಗಮೆಂಟ್ ಹರಿಯುವುದುಂಟು. ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಅಂಗಳಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳು ಬೇಕು. 69 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ಹೀಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದರು. ಆದರೆ ಮೊದಲಿನ ಮಟ್ಟಕ್ಕೆ ಮರಳಿದವರು ಶೇ 65, ಸ್ಪರ್ಧೆಗೆ ಮರಳಿದವರು ಶೇ 55 ಮಾತ್ರ. ಕಾಲು ಗಟ್ಟಿಯಾದರೂ ಮನಸ್ಸು ಹಿಂಜರಿಯುತ್ತದೆ. ಮತ್ತೆ ಪೆಟ್ಟಾದೀತೆಂಬ ಭಯ ಆಟ ಬಿಡಿಸುವ ಮುಖ್ಯ ಕಾರಣಗಳಲ್ಲಿ ಒಂದೆಂದು ತಜ್ಞರು ಗುರುತಿಸಿದ್ದಾರೆ.

ಮನಸ್ಸನ್ನು ಆಟದಲ್ಲೇ ಇಡುವುದು ಆದ್ದರಿಂದ ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಿರುಬೆರಳನ್ನು ಅಲ್ಲಾಡಿಸದೆ ಬಲವಾಗಿ ಚಲಿಸುತ್ತಿರುವಂತೆ 12 ವಾರ ಮನಸ್ಸಿನಲ್ಲೇ ಅಭ್ಯಾಸ ಮಾಡಿದವರಲ್ಲಿ ಆ ಬೆರಳಿನ ಬಲ ಸುಮಾರು ಶೇ 35ರಷ್ಟು ಹೆಚ್ಚಿತ್ತು. ಅದು ಆರೋಗ್ಯವಂತರ ಸಣ್ಣ ಗುಂಪಿನ ಮೇಲೆ ನಡೆದದ್ದು, ವ್ಯಾಯಾಮಕ್ಕೆ ಬದಲಿಯಲ್ಲ. ಆದರೂ ಪಟ್ಟನ್ನು ಕಣ್ಣುಮುಚ್ಚಿ ನೆನೆಯುವುದು ವ್ಯರ್ಥವಲ್ಲವೆಂಬುದಕ್ಕೆ ಅದೊಂದು ಆಧಾರ.

ಊರಿನ ಅಂಗಳದಲ್ಲಿ

ಇದಕ್ಕೆಲ್ಲ ದೊಡ್ಡ ಖರ್ಚು ಬೇಕಿಲ್ಲ. ಗಾಯಗೊಂಡ ಕಬಡ್ಡಿ ಆಟಗಾರ ಅಂಕ ಬರೆಯಬಹುದು, ಎದುರಾಳಿಯ ರೈಡರ್ ಯಾವ ಕಡೆಗೆ ವಾಲುತ್ತಾನೆಂದು ಗಮನಿಸಿ ತಂಡಕ್ಕೆ ಹೇಳಬಹುದು. ಕೊಕ್ಕೊ ಆಡುವ ಹುಡುಗಿ ಕಿರಿಯರಿಗೆ ಹೆಜ್ಜೆ ಹೇಳಿಕೊಡಬಹುದು, ಅಂಪೈರ್ ಪರೀಕ್ಷೆಗೆ ಓದಬಹುದು. ವೈದ್ಯರು ಒಪ್ಪಿದಷ್ಟು ವ್ಯಾಯಾಮವನ್ನು ಮನೆಯ ಪಡಸಾಲೆಯ ಬದಲು ಅಂಗಳದ ಅಂಚಿನಲ್ಲೇ ಮಾಡಬಹುದು. ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಒಮ್ಮೆ ಬಿದ್ದು ಕಾಲಿಗೆ ಪೆಟ್ಟಾಯಿತೆಂದರೆ ಆಟ ಸಾಕೆಂದು ಹೇಳಲು ಮನೆಯವರಿಗೆ ಅಷ್ಟೇ ನೆಪ ಸಾಕಾಗುತ್ತದೆ. ಪ್ರತಿದಿನ ಅಂಗಳಕ್ಕೆ ಹೋಗುವ ಒಂದು ಕೆಲಸ ಇದ್ದರೆ ಆ ದಾರಿ ಮುಚ್ಚುವುದಿಲ್ಲ.

ಎಲ್ಲರೂ ಕಣಕ್ಕೆ ಮರಳುವುದಿಲ್ಲವೆಂಬುದೂ ನಿಜ. ಕೆಲವರು ತೀರ್ಪುಗಾರರಾಗುತ್ತಾರೆ, ಕೆಲವರು ವಸ್ತಾದರಾಗುತ್ತಾರೆ, ಕೆಲವರು ಆಟ ಬಲ್ಲ ಪ್ರೇಕ್ಷಕರಾಗಿ ಉಳಿಯುತ್ತಾರೆ. ಅದೂ ಆಟದೊಳಗಿನ ಸ್ಥಾನವೇ. ಮಹಾನವಮಿಯ ಕಣದಿಂದ ಗಾಯಾಳುವನ್ನು ಹೊತ್ತೊಯ್ದವರು ಅರಸನ ಆಳುಗಳಲ್ಲ, ಅವನ ಗೆಳೆಯರೆಂದು ಪೇಸ್ ಬರೆದಿದ್ದಾನೆ. ಅವನು ಬರೆಯದೆ ಬಿಟ್ಟ ಮುಂದಿನ ಭಾಗವೂ ಗೆಳೆಯರಿಗೇ ಸೇರಿದ್ದು. ಹೊತ್ತೊಯ್ದವರೇ ಒಂದು ದಿನ ಅವನ ಮನೆ ಬಾಗಿಲಿಗೆ ಹೋಗಿ, ನಡೆಯಲು ಬಂದರೆ ಸಾಕು, ಎಣಿಕೆ ಹಿಡಿಯಲು ಬಾ ಎಂದು ಕರೆಯಬೇಕು.