ಮೊಡವೆಗೆ ಹಚ್ಚುವ ರೆಟಿನಾಯ್ಡ್ ಲೇಪ: ಬಳಸುವವರು ಕಾಣುವ ಅನುಭವಗಳು

ಪ್ರಾಯಕ್ಕೆ ಬಂದ ಮಕ್ಕಳಿರುವ ಮನೆಯಲ್ಲಿ ಮೊಡವೆಯ ಮಾತು ಬಾರದೆ ಇರುವುದಿಲ್ಲ. ಹಿರಿಯರು ಅದನ್ನು ವಯೋಧರ್ಮವೆಂದು ನಕ್ಕು ಸುಮ್ಮನಾಗುತ್ತಾರೆ; ಕಾಲೇಜಿಗೆ ಹೋಗುವ ಮಗಳು ಮಾತ್ರ ಛಾಯಾಚಿತ್ರ ತೆಗೆಯುವಾಗ ಹಿಂದಿನ ಸಾಲನ್ನೇ ಹುಡುಕುತ್ತಾಳೆ. ಬಹುಪಾಲು ಮೊಡವೆಗಳು ಕಾಲಕ್ರಮದಲ್ಲಿ ತಾವಾಗಿಯೇ ಅಡಗುತ್ತವೆಂಬುದು ನಿಜವಾದರೂ, ಕೆಲವು ಉಳಿಸಿ ಹೋಗುವ ಕುಳಿಗಳು ಜೀವನಪರ್ಯಂತ ಮುಖದ ಮೇಲಿರುತ್ತವೆ. ಇಂದು ಚರ್ಮರೋಗ ತಜ್ಞರು ಮೊಡವೆಗೆ ಮೊದಲಾಗಿ ಬರೆದುಕೊಡುವ ಔಷಧಗಳಲ್ಲಿ ರೆಟಿನಾಯ್ಡ್ ಲೇಪಗಳು ಪ್ರಮುಖವಾದವು. ಅವನ್ನು ಆರಂಭಿಸಿದ ಅನೇಕರು ತಿಂಗಳು ತುಂಬುವ ಮೊದಲೇ ಕೈಬಿಡುತ್ತಾರೆ. ಹಾಗೆ ಕೈಬಿಡಲು ಕಾರಣವಾಗುವ ಅನುಭವಗಳು ಯಾವುವು, ಅವುಗಳಲ್ಲಿ ಸಹಜವಾದದ್ದೆಷ್ಟು, ಎಚ್ಚರ ವಹಿಸಬೇಕಾದದ್ದೆಷ್ಟು ಎಂಬುದನ್ನು ಓದುಗರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊಡವೆ ಹೊಸ ವ್ಯಾಧಿಯೇನೂ ಅಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ವಿವರಿಸುವಾಗ, ತರುಣರ ಮುಖದಲ್ಲಿ ಬೂರುಗದ ಮುಳ್ಳುಗಳಂತೆ ಏಳುವ ಗುಳ್ಳೆಗಳನ್ನು ಮುಖದೂಷಿಕಾ ಎಂದು ಕರೆದು, ಕಫ, ವಾತ ಮತ್ತು ರಕ್ತಗಳನ್ನು ಅದಕ್ಕೆ ಕಾರಣವಾಗಿ ಹೇಳಲಾಗಿದೆ. ಬೂರುಗದ ಮರದ ಕಾಂಡವನ್ನು ಹತ್ತಿರದಿಂದ ಕಂಡವರಿಗೆ ಈ ಹೋಲಿಕೆ ಎಷ್ಟು ನಿಖರವೆಂಬುದು ತಿಳಿದೀತು.

ಆಧುನಿಕ ವೈದ್ಯಶಾಸ್ತ್ರದ ವಿವರಣೆ ಹೀಗಿದೆ. ಹದಿಹರೆಯದಲ್ಲಿ ಆಂಡ್ರೋಜನ್ ಹಾರ್ಮೋನುಗಳ ಪ್ರಭಾವದಿಂದ ರೋಮಕೂಪಕ್ಕೆ ಹೊಂದಿಕೊಂಡ ಜಿಡ್ಡಿನ ಗ್ರಂಥಿಗಳು ಹೆಚ್ಚು ಸ್ರವಿಸತೊಡಗುತ್ತವೆ. ಅದೇ ವೇಳೆಗೆ ರೋಮಕೂಪದ ಒಳಗೋಡೆಯ ಸತ್ತ ಜೀವಕೋಶಗಳು ಉದುರಿ ಹೊರಹೋಗದೆ ಒಂದಕ್ಕೊಂದು ಅಂಟಿಕೊಂಡು ಬಿರಡೆಯಾಗುತ್ತವೆ. ಆ ಬಿರಡೆಯ ಹಿಂದೆ ಕಟ್ಟಿನಿಂತ ಜಿಡ್ಡಿನಲ್ಲಿ ಬ್ಯಾಕ್ಟೀರಿಯಗಳು ವೃದ್ಧಿಸಿ ಉರಿಯೂತ ಉಂಟಾದಾಗ ಕೆಂಪು ಗುಳ್ಳೆ ಏಳುತ್ತದೆ. ಮೂಗಿನ ಮೇಲೆ ಕಾಣುವ ಕಪ್ಪು ಚುಕ್ಕೆ ಕೊಳೆಯಲ್ಲ. ಈ ಬಿರಡೆಯ ತೆರೆದ ಬಾಯಿ ಅದು. ಎಷ್ಟು ತಿಕ್ಕಿ ತೊಳೆದರೂ ಅದು ಹೋಗದಿರುವುದಕ್ಕೆ ಇದೇ ಕಾರಣ. ಕಣ್ಣಿಗೆ ಕಾಣುವ ಗುಳ್ಳೆಗಿಂತ ವಾರಗಟ್ಟಲೆ ಮೊದಲೇ ಚರ್ಮದೊಳಗೆ ಬಿರಡೆ ಕಟ್ಟಿರುತ್ತದೆ ಎಂಬ ಸಂಗತಿಯನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳಲಿರುವ ಅನುಭವಗಳು ಸುಲಭವಾಗಿ ಅರ್ಥವಾಗುತ್ತವೆ.

ಔಷಧದ ಹಿನ್ನೆಲೆ

ರೆಟಿನಾಯ್ಡುಗಳು 'ಎ' ಜೀವಸತ್ವದ ಬಂಧುಗಳು. 'ಎ' ಜೀವಸತ್ವದ ರಚನೆಯನ್ನು ನಿರ್ಧರಿಸಿದ ಸ್ವಿಟ್ಜರ್ಲೆಂಡಿನ ಪೌಲ್ ಕಾರರ್ ಅವರು 1937ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ಈ ಜೀವಸತ್ವದ ಆಮ್ಲರೂಪವೇ ಟ್ರೆಟಿನಾಯಿನ್. 1960ರ ದಶಕದ ಆರಂಭದಲ್ಲಿ ಜರ್ಮನಿಯ ಗುಂಟರ್ ಸ್ಟ್ಯೂಟ್ಗೆನ್ ಇದನ್ನು ಚರ್ಮ ದಪ್ಪಗಟ್ಟುವ ಕಾಯಿಲೆಗಳಿಗೆ ಹಚ್ಚಿ ನೋಡಿದ್ದರು. ಮೊಡವೆಗೆ ಇದರ ಉಪಯೋಗವನ್ನು 1969ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಅವರ ಸಹೋದ್ಯೋಗಿಗಳಾದ ಫುಲ್ಟನ್, ಪ್ಲೆವಿಗ್ ಪ್ರಕಟಿಸಿದರು. 1971ರಲ್ಲಿ ಅಲ್ಲಿನ ಸರ್ಕಾರ ಔಷಧಕ್ಕೆ ಪರವಾನಗಿ ನೀಡಿತು.

ಈ ಇತಿಹಾಸದಲ್ಲಿ ಒಂದು ಕರಾಳ ಅಧ್ಯಾಯವೂ ಇದೆ. ಕ್ಲಿಗ್ಮನ್ 1951ರಿಂದ 1974ರವರೆಗೆ ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ಹಲವಾರು ಬಗೆಯ ಪ್ರಯೋಗಗಳನ್ನು ನಡೆಸಿದರು. ಟ್ರೆಟಿನಾಯಿನ್ ಕೂಡ ಅಲ್ಲಿ ಪರೀಕ್ಷೆಗೆ ಒಳಗಾಗಿತ್ತು. ಕೈದಿಗಳಲ್ಲಿ ಬಹುಸಂಖ್ಯಾತರು ಕರಿಯ ಜನಾಂಗದವರು. ಅಲ್ಪ ಹಣದ ಆಸೆಗೆ ಒಪ್ಪಿದ ಅವರಿಗೆ ತಮ್ಮ ಮೈಮೇಲೆ ಏನನ್ನು ಹಚ್ಚಲಾಗುತ್ತಿದೆ ಎಂಬ ಸರಿಯಾದ ತಿಳಿವಳಿಕೆ ಇರಲಿಲ್ಲ. 2021ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವೂ, 2022ರಲ್ಲಿ ಫಿಲಡೆಲ್ಫಿಯ ನಗರಾಡಳಿತವೂ ಬಹಿರಂಗವಾಗಿ ಕ್ಷಮೆ ಯಾಚಿಸಿದವು. ಔಷಧದ ಗುಣ ಇದರಿಂದ ಕುಂದುವುದಿಲ್ಲ. ಆದರೂ ಯಾರ ಚರ್ಮದ ಬೆಲೆಯಲ್ಲಿ ಅದು ನಮ್ಮ ಕೈಗೆ ಬಂದಿತೆಂಬುದನ್ನು ಮರೆಯುವುದು ಸರಿಯಲ್ಲವೆಂದು ಈ ಲೇಖಕನ ಭಾವನೆ.

1996ರಲ್ಲಿ ಅಡಾಪಲೀನ್, 1997ರಲ್ಲಿ ಟಜಾರೊಟೀನ್, 2019ರಲ್ಲಿ ಟ್ರೈಫರೊಟೀನ್ ಅಮೆರಿಕದಲ್ಲಿ ಬಳಕೆಗೆ ಬಂದವು. ಇವುಗಳಲ್ಲಿ ಅಡಾಪಲೀನ್ ಬೆಳಕಿಗೆ ಬೇಗ ಕೆಡದು. ಉರಿಯೂ ಸಾಮಾನ್ಯವಾಗಿ ಕಡಿಮೆ. 2016ರಿಂದ ಅದರ ಶೇಕಡ 0.1ರ ಜೆಲ್ ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತಿದೆ. ಅಲ್ಲಿರುವ ಬಂಧುಗಳು ತಂದುಕೊಟ್ಟರೆಂದು ಇಲ್ಲಿ ಯಾರನ್ನೂ ಕೇಳದೆ ಹಚ್ಚಿಕೊಳ್ಳುವುದು ಸಲ್ಲದು.

ಮೊದಲ ಮೂರು ತಿಂಗಳು

ಬಳಸುವವರ ಅನುಭವದಲ್ಲಿ ಒಂದು ಕ್ರಮವಿದೆ. ಮೊದಲ ಎರಡು ಮೂರು ದಿನ ವಿಶೇಷವೇನೂ ಕಾಣುವುದಿಲ್ಲ. ಆ ಧೈರ್ಯದಲ್ಲಿ ಕೆಲವರು ಲೇಪವನ್ನು ಧಾರಾಳವಾಗಿ ಬಳಿಯತೊಡಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಬಾಯಿಯ ಅಂಚು, ಮೂಗಿನ ಪಕ್ಕ, ಗದ್ದ ಇವು ಕೆಂಪೇರಿ ಬಿಗಿಯುತ್ತವೆ. ಮುಖ ತೊಳೆದರೆ ಚುರುಗುಟ್ಟುತ್ತದೆ. ಸಿಪ್ಪೆ ಸಿಪ್ಪೆಯಾಗಿ ಚರ್ಮ ಏಳುತ್ತದೆ. ನಗುವಾಗ ತುಟಿಯ ಕೊನೆ ಬಿರಿದಂತಾಗುವುದೂ ಉಂಟು. ಇದು ಔಷಧದ ಸಹಜ ಪರಿಣಾಮವಾಗಿದ್ದು ಎರಡರಿಂದ ನಾಲ್ಕು ವಾರಗಳ ಕಾಲ ಹೆಚ್ಚಾಗಿ, ಬಳಿಕ ಚರ್ಮ ಹೊಂದಿಕೊಂಡಂತೆ ಇಳಿಯುತ್ತದೆ.

ಹೆಚ್ಚಿನವರ ಧೈರ್ಯಗೆಡಿಸುವುದು ಇದಕ್ಕಿಂತಲೂ ಮುಂದಿನ ಹಂತ. ಎರಡನೆಯ ಅಥವಾ ಮೂರನೆಯ ವಾರದಲ್ಲಿ ಕೆಲವರಿಗೆ ಮೊಡವೆ ಇಳಿಯುವ ಬದಲು ಹೆಚ್ಚುತ್ತದೆ. ಒಳಗೆ ಮೊದಲೇ ಕಟ್ಟಿದ್ದ ಬಿರಡೆಗಳು ಸಡಿಲಗೊಂಡು ಮೇಲೇಳುವುದು ಇದಕ್ಕೆ ಕಾರಣವೆಂದು ತಜ್ಞರು ವಿವರಿಸುತ್ತಾರೆ. ಹಣ ಕೊಟ್ಟು ತಂದ ಮದ್ದಿನಿಂದ ಮುಖ ಇನ್ನಷ್ಟು ಕೆಟ್ಟಿತೆಂದು ತಾಯಿ ಗಾಬರಿಯಾಗುವುದೂ, 'ಬಿಟ್ಟುಬಿಡು ಮಗಾ, ಆ ಬೆಂಕಿಯನ್ನು ಹಚ್ಚಬೇಡ' ಎಂದು ಅಜ್ಜಿ ಹೇಳುವುದೂ ಈ ಘಟ್ಟದಲ್ಲಿಯೇ. ಆಗ ಬಿಟ್ಟವರು ಕಷ್ಟವನ್ನಷ್ಟೇ ಉಂಡು ಫಲದ ಹೊತ್ತಿಗೆ ಎದ್ದುಹೋದಂತಾಗುತ್ತದೆ. ಸುಧಾರಣೆ ಸ್ಪಷ್ಟವಾಗಿ ಕಾಣಲು ಎಂಟರಿಂದ ಹನ್ನೆರಡು ವಾರಗಳು ಬೇಕು. ವೈದ್ಯರು ಮೊದಲ ಭೇಟಿಯಲ್ಲಿಯೇ ಐದು ನಿಮಿಷ ವ್ಯಯಿಸಿ ಇದನ್ನು ತಿಳಿಸಿದರೆ ಅರ್ಧ ಸಮಸ್ಯೆ ಪರಿಹಾರವಾದೀತು. ದುರದೃಷ್ಟವಶಾತ್ ಮಹಾನಗರದ ಕಿಕ್ಕಿರಿದ ಚಿಕಿತ್ಸಾಲಯಗಳಲ್ಲಿ ಆ ಐದು ನಿಮಿಷವೇ ದುರ್ಲಭ.

ಉರಿಯನ್ನು ತಗ್ಗಿಸುವ ಉಪಾಯಗಳು ಸರಳವಾದವು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಲೇಪ ಸಾಕು. ಹೆಚ್ಚು ಬಳಿದರೆ ಹೆಚ್ಚು ಸಿಪ್ಪೆ ಏಳುವುದೇ ಹೊರತು ಗುಣ ಬೇಗ ಬಾರದು. ರಾತ್ರಿ ಮೃದುವಾದ ಸಾಬೂನಿನಿಂದ ಮುಖ ತೊಳೆದು, ಇಪ್ಪತ್ತು ಮೂವತ್ತು ನಿಮಿಷ ಒಣಗಲು ಬಿಟ್ಟು, ಕಣ್ಣು, ತುಟಿ ಮತ್ತು ಮೂಗಿನ ಸಂದುಗಳನ್ನು ಬಿಟ್ಟು ತೆಳುವಾಗಿ ಹಚ್ಚಬೇಕು. ಎದ್ದ ಮೊಡವೆಯ ತುದಿಗೆ ಮಾತ್ರ ಚುಕ್ಕೆಯಿಡುವುದು ಸಾಮಾನ್ಯ ತಪ್ಪು. ಇನ್ನೂ ಏಳದಿರುವ ಬಿರಡೆಗಳನ್ನು ತಡೆಯುವುದೇ ಔಷಧದ ಕೆಲಸವಾದ್ದರಿಂದ ಮೊಡವೆ ಬರುವ ಭಾಗಕ್ಕೆಲ್ಲ ಹಚ್ಚಬೇಕು. ಆರಂಭದಲ್ಲಿ ದಿನ ಬಿಟ್ಟು ದಿನ, ತೀರ ಸೂಕ್ಷ್ಮ ಚರ್ಮವಾದರೆ ಮೂರು ದಿನಕ್ಕೊಮ್ಮೆ ಬಳಸಿ ಕ್ರಮೇಣ ಪ್ರತಿರಾತ್ರಿಗೆ ಏರಿಸಬಹುದು. ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಲೇಪವನ್ನು ಬಳಿಯುವುದೂ, ಅರ್ಧ ಗಂಟೆ ಇಟ್ಟು ತೊಳೆಯುವುದೂ ತಜ್ಞರು ಸೂಚಿಸುವ ಕ್ರಮಗಳೇ. ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ತಪ್ಪಿಸಬಾರದು. ಉರಿಯೊಡನೆ ಮುಖ ಊದಿಕೊಂಡರೆ, ನೀರು ತುಂಬಿದ ಗುಳ್ಳೆ ಎದ್ದರೆ, ಅಥವಾ ಚರ್ಮ ಒಸರತೊಡಗಿದರೆ ಅದು ಸಹಜವಲ್ಲ. ಲೇಪ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಬೆಂಜೋಯಿಲ್ ಪೆರಾಕ್ಸೈಡ್ ಸೇರಿದ ಲೇಪವನ್ನು ಬಳಸುವವರ ಮನೆಯಲ್ಲಿ ಇನ್ನೊಂದು ದೂರು ಕೇಳಿಬರುತ್ತದೆ: ಬಣ್ಣದ ದಿಂಬಿನ ಚೀಲ, ಟವೆಲುಗಳ ಮೇಲೆ ಬಿಳಿಯ ಕಲೆಗಳು. ಅದು ಬಣ್ಣವನ್ನೇ ಅಳಿಸುವ ವಸ್ತು. ಬಿಳಿಯ ದಿಂಬಿನ ಚೀಲ ಬಳಸುವುದೊಂದೇ ದಾರಿ.

ಊರಿನ ಹವೆಯೂ ಅನುಭವವನ್ನು ಬದಲಿಸುತ್ತದೆ. ಮುಂಬಯಿ, ಚೆನ್ನೈಗಳ ತೇವದ ಸೆಕೆಯಲ್ಲಿ ಜೆಲ್ ಹಿತವಾದರೆ, ದೆಹಲಿಯ ಡಿಸೆಂಬರ್ ಚಳಿಯಲ್ಲಿ ಅದೇ ಜೆಲ್ ಮುಖವನ್ನು ಒಡೆಸುತ್ತದೆ. ಅಲ್ಲಿ ಕ್ರೀಮ್ ರೂಪ ಮೇಲು. ತಲೆಗೆ ಧಾರಾಳವಾಗಿ ತೆಂಗಿನೆಣ್ಣೆ ಹಚ್ಚುವ ನಮ್ಮ ರೂಢಿಯ ಬಗ್ಗೆಯೂ ಒಂದು ಮಾತು. ಕೂದಲಿನ ಎಣ್ಣೆ ಹಣೆಗಿಳಿದು ಅಲ್ಲಿ ಸಾಲುಸಾಲಾಗಿ ಮೊಡವೆ ಏಳಿಸುವುದನ್ನು ಚರ್ಮವಿಜ್ಞಾನ ಬಹಳ ಹಿಂದೆಯೇ ಗುರುತಿಸಿದೆ. ಎಣ್ಣೆಯನ್ನು ತೊರೆಯಬೇಕಿಲ್ಲ, ಸ್ನಾನಕ್ಕೆ ಮುನ್ನ ಹಚ್ಚಿ ತೊಳೆದರಾಯಿತು.

ಮದುವೆಯ ಸಂದರ್ಭ

ಮದುವೆ ಗೊತ್ತಾದ ಹೆಣ್ಣುಮಕ್ಕಳು ಈ ಲೇಪವನ್ನು ಬಳಸುವಾಗ ಕೆಲವು ಸಂಗತಿಗಳನ್ನು ತಿಳಿದಿರಬೇಕು. ರೆಟಿನಾಯ್ಡ್ ಹಚ್ಚಿದ ಚರ್ಮದ ಮೇಲ್ಪದರ ತೆಳುವಾಗಿರುವುದರಿಂದ ವ್ಯಾಕ್ಸಿಂಗ್ ಮಾಡಿಸಿದರೆ ಕೂದಲಿನೊಡನೆ ಚರ್ಮವೂ ಕಿತ್ತುಬರಬಹುದು. ಥ್ರೆಡಿಂಗ್, ಬ್ಲೀಚ್, ಫೇಶಿಯಲ್‌ಗಳೂ ಉರಿ ತರುತ್ತವೆ. ಕೆಲವು ದಿನ ಮೊದಲೇ ಲೇಪ ನಿಲ್ಲಿಸಿ, ಪಾರ್ಲರಿನವರಿಗೂ ತಿಳಿಸುವುದು ಕ್ಷೇಮ. ಅರಿಶಿನ ಶಾಸ್ತ್ರದ ದಿನ ಸಿಪ್ಪೆಯೆದ್ದ ಕೆನ್ನೆಗೆ ಅರಿಶಿನ ತಾಗಿದರೂ ಕಣ್ಣಲ್ಲಿ ನೀರು ಬಂದೀತು. ನಿಂಬೆರಸವಂತೂ ಬೇಡವೇ ಬೇಡ. ಹದಿನೈದು ದಿನದಲ್ಲಿ ಮುಹೂರ್ತವಿರುವಾಗ ಈ ಔಷಧವನ್ನು ಹೊಸದಾಗಿ ಆರಂಭಿಸುವುದು ಅವಿವೇಕ.

ಇಂಥ ಅವಸರದಲ್ಲಿಯೇ ಹೆಚ್ಚಿನ ಅನರ್ಥ ನಡೆಯುವುದು. 1975ರಲ್ಲಿ ಅದೇ ಕ್ಲಿಗ್ಮನ್ ಮತ್ತು ಅವರ ಸಹಲೇಖಕರು ಕಲೆ ತಿಳಿಗೊಳಿಸಲು ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಮತ್ತು ಸ್ಟೀರಾಯ್ಡ್ ಬೆರೆಸಿದ ಸೂತ್ರವೊಂದನ್ನು ಪ್ರಕಟಿಸಿದ್ದರು. ವೈದ್ಯರ ನಿಗಾದಲ್ಲಿ ಅಲ್ಪಕಾಲ ಬಳಸಬೇಕಾದ ಈ ಬಗೆಯ ಮಿಶ್ರಣಗಳು ನಮ್ಮ ದೇಶದಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮುಗಳಂತೆ ಕೈಯಿಂದ ಕೈಗೆ ಹೋಗುತ್ತಿವೆ. ಹೆಸರಿನಲ್ಲಿ ಟ್ರೆಟಿನಾಯಿನ್ ಇರುವುದರಿಂದ ಮೊಡವೆಯ ಮದ್ದೆಂದೇ ಅನೇಕರು ನಂಬುತ್ತಾರೆ. ಮೊದಲ ವಾರದಲ್ಲಿ ಮುಖ ಹೊಳೆಯುತ್ತದೆ, ಉರಿಯೂ ಇಲ್ಲ. ಏಕೆಂದರೆ ಸ್ಟೀರಾಯ್ಡ್ ಉರಿಯೂತವನ್ನು ಅದುಮಿಟ್ಟಿರುತ್ತದೆ. ತಿಂಗಳುಗಳ ಬಳಿಕ ಚರ್ಮ ತೆಳ್ಳಗಾಗಿ ನವಿರಾದ ರಕ್ತನಾಳಗಳು ಕಾಣಿಸಿಕೊಂಡು, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆಗಳೆದ್ದು, ನಿಲ್ಲಿಸಿದೊಡನೆ ಮುಖ ಕೆಂಡದಂತಾಗುತ್ತದೆ. 2011ರಲ್ಲಿ ಭಾರತೀಯ ಚರ್ಮರೋಗ ತಜ್ಞರು ಪ್ರಕಟಿಸಿದ ಬಹುಕೇಂದ್ರ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯಿಂದ ಬಂದ 2926 ರೋಗಿಗಳಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಲೇಪ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿತು. ಆದುದರಿಂದ ಟ್ಯೂಬಿನ ಮೇಲೆ ಬರೆದಿರುವ ಪ್ರತಿಯೊಂದು ಹೆಸರನ್ನೂ ಓದುವ ಅಭ್ಯಾಸ ಒಳ್ಳೆಯದು: ಮೊಮೆಟಸೋನ್, ಬೆಟಾಮೆಥಸೋನ್, ಕ್ಲೋಬೆಟಸಾಲ್, ಫ್ಲುಸಿನೋಲೋನ್ ಇವೆಲ್ಲ ಸ್ಟೀರಾಯ್ಡುಗಳು.

ಮದುವೆಯಾದ ಮೇಲೆ ಇನ್ನೊಂದು ಎಚ್ಚರ ಅಗತ್ಯ. ಇದೇ ಕುಟುಂಬದ ಐಸೊಟ್ರೆಟಿನಾಯಿನ್ ಎಂಬ ನುಂಗುವ ಔಷಧ ಗರ್ಭಸ್ಥ ಶಿಶುವಿಗೆ ತೀವ್ರ ಅಂಗವೈಕಲ್ಯ ಉಂಟುಮಾಡಬಲ್ಲದು. ಅದನ್ನು ನಿಲ್ಲಿಸಿ ಒಂದು ತಿಂಗಳು ಕಳೆಯುವವರೆಗೂ ಗರ್ಭ ಧರಿಸಬಾರದು. ಹಚ್ಚುವ ಲೇಪದಿಂದ ರಕ್ತಕ್ಕೆ ಸೇರುವ ಪ್ರಮಾಣ ಅತ್ಯಲ್ಪವಾದರೂ ಬಸುರಿಯರು ಅದನ್ನೂ ಬಳಸಬಾರದೆಂಬುದೇ ವೈದ್ಯರ ಸಲಹೆ. ಹೊಸ ಸೊಸೆಯರು ಸಂಕೋಚದಿಂದ ಈ ವಿಷಯವನ್ನು ಮನೆಯಲ್ಲಿ ಎತ್ತದೆ ಇರಬಹುದು. ವೈದ್ಯರ ಬಳಿಯಾದರೂ ಮುಚ್ಚುಮರೆಯಿಲ್ಲದೆ ಹೇಳಬೇಕು.

ಮೂರು ತಿಂಗಳು ದಾಟಿದವರಲ್ಲಿ ಬಹುಮಂದಿ ಹೇಳುವ ಬದಲಾವಣೆ ಹೊಸ ಮೊಡವೆಗಳು ವಿರಳವಾದವೆಂಬುದು. ನಮ್ಮ ಕಂದು ಚರ್ಮದಲ್ಲಿ ಮೊಡವೆ ಬಿಟ್ಟುಹೋಗುವ ಕಪ್ಪು ಕಲೆಗಳು ಅದಕ್ಕೂ ನಿಧಾನವಾಗಿ, ಹಲವು ತಿಂಗಳಲ್ಲಿ ತಿಳಿಯಾಗುತ್ತವೆ. ಆಳವಾದ ಕುಳಿಗಳಿಗೆ ಈ ಲೇಪವೊಂದೇ ಸಾಲದು, ಅದಕ್ಕೆ ಬೇರೆ ಚಿಕಿತ್ಸೆಗಳಿವೆ. ಮುಖ ಶುಭ್ರವಾದೊಡನೆ ಲೇಪವನ್ನು ನಿಲ್ಲಿಸಿದರೆ ಮೊಡವೆ ಮರಳುವ ಸಂಭವವಿರುವುದರಿಂದ ವೈದ್ಯರು ಹಲವರಿಗೆ ವಾರದಲ್ಲಿ ಎರಡು ಮೂರು ರಾತ್ರಿಯಾದರೂ ಅದನ್ನು ಮುಂದುವರಿಸಲು ಹೇಳುತ್ತಾರೆ.